ಎಸ್‌ಎಸ್ 304 ಎಂದು ಬಿಲ್ ಹಾಕಿ ಎಂಎಸ್ ಹೆಡರ್ ಕಳಿಸಿದ್ದರ ಬಗ್ಗೆ ದೂರು

ಇಂದ:
ನಿಮ್ಮ ಗ್ರಾಹಕ, ಬಳ್ಳಾರಿ

ಗೆ:
ವ್ಯವಸ್ಥಾಪಕರು,
ಗ್ರಾಹಕರ ದೂರು ವಿಭಾಗ

ವಿಷಯ: ಜಿಪ್ಸಿ ಗಾಡಿಯ ಎಕ್ಸಾಸ್ಟ್ ಹೆಡರ್ ಬಿಲ್ಲಿನಲ್ಲಿ ಬರೆದ ಲೋಹದ್ದಲ್ಲ, ಹಣ ವಾಪಸು ಕೋರಿ

ಮಾನ್ಯರೇ,

ನನ್ನ ಜಿಪ್ಸಿಗೆ ನಿಮ್ಮಲ್ಲಿಂದ ತರಿಸಿಕೊಂಡ ಹೆಡರ್ (ಎಂಜಿನ್ನಿನ ನಾಲ್ಕೂ ಸಿಲಿಂಡರಿನ ಹೊಗೆಯನ್ನು ಒಂದೇ ಕೊಳವೆಗೆ ಕೂಡಿಸುವ ಪೈಪುಗಳ ಜೋಡಣೆ) ಸ್ಟೇನ್‌ಲೆಸ್ ಸ್ಟೀಲಿನದಲ್ಲ. ನಿಮ್ಮ ಬಿಲ್ಲಿನಲ್ಲಿ ‘ಎಸ್‌ಎಸ್ 304, 4-2-1, 1.6 ಎಂಎಂ’ ಎಂದು ಅಚ್ಚಾಗಿದೆ; ಅಂದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು, ನಾಲ್ಕು ಪೈಪು ಎರಡಾಗಿ ಆಮೇಲೆ ಒಂದಾಗುವ ಜೋಡಣೆ, 1.6 ಮಿಲಿಮೀಟರ್ ದಪ್ಪ. ಬಂದಿರುವುದು ಹೊಳಪಿನ ಲೇಪ ಕೊಟ್ಟ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕು) ಪೈಪು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಲೇಪ ಎದ್ದು, ಅದರ ಅಡಿಯ ಕಬ್ಬಿಣ ಹಕ್ಕಳೆಯಾಗಿ ಉದುರುತ್ತಿದೆ. ಎರಡನೇ ಮತ್ತು ಮೂರನೇ ಸಿಲಿಂಡರಿನ ಪೈಪುಗಳು ಕೂಡುವಲ್ಲಿ, ವೆಲ್ಡಿಂಗ್ ಪಕ್ಕದಲ್ಲೇ, ಬಿರುಕು ಬಿಟ್ಟು ಹೊಗೆ ಸೋರುತ್ತಿದೆ. ಫೋನಿನಲ್ಲಿ ನಿಮ್ಮ ಸಿಬ್ಬಂದಿ ಕೊಟ್ಟ ಕಾರಣಗಳಲ್ಲಿ ಒಂದೂ ನಿಲ್ಲುವಂಥದ್ದಲ್ಲ. ಆದ್ದರಿಂದ ಇದನ್ನು ಬರಹದಲ್ಲಿ ಕೊಡುತ್ತಿದ್ದೇನೆ.

ನನ್ನದು ಸಂಡೂರಿನ ಗಣಿಗಳ ಕಡೆ ಪಂಪು, ಮೋಟರು ರಿಪೇರಿ ಮಾಡುವ ಕೆಲಸ. ತೋರಣಗಲ್ಲು ದಾಟಿ ಸಂಡೂರಿನ ಕಡೆ ಹೋಗುವ ದಾರಿ ಅದಿರು ಲಾರಿಗಳ ದಾರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನ ಜೊತೆ ಕೆಂಪು ದೂಳು, ಮಳೆ ಬಿದ್ದರೆ ಅದೇ ದೂಳು ರಾಡಿಯಾಗಿ ಗಾಡಿಯ ಅಡಿಗೆಲ್ಲ ಹತ್ತುತ್ತದೆ. ಗುಡ್ಡ ಹತ್ತಿಸಿ ಕಾದ ಪೈಪಿನ ಮೇಲೆ ತಣ್ಣನೆ ನೀರು ಚಿಮ್ಮುವುದು ಇಲ್ಲಿ ದಿನನಿತ್ಯದ ಮಾತು. ಹೆಡರಿನ ಜಾಗದಲ್ಲಿ ಗಾಡಿಗೆ ಮೂಲತಃ ಇದ್ದ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಸೀಳಿತ್ತು, ಒಳ್ಳೆಯದು ಮತ್ತೊಂದು ಸಿಗಲಿಲ್ಲ. ಹಾಗಾಗಿ ಹೆಡರಿಗೆ ಹೋದೆ. ಶಬ್ದಕ್ಕಾಗಲಿ ಶೋಕಿಗಾಗಲಿ ಅಲ್ಲ. ಹಿಂದಿನ ಸೈಲೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಎರಡೂ ಹಾಗೇ ಇವೆ. 4-2-1 ಕೇಳಿದ್ದಕ್ಕೂ ಕಾರಣವಿತ್ತು. ಈ ಎಂಜಿನ್ನಿನ ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2. ಒಂದನ್ನು ನಾಲ್ಕರ ಜೊತೆ, ಎರಡನ್ನು ಮೂರರ ಜೊತೆ ಕೂಡಿಸಿ ಆಮೇಲೆ ಒಂದು ಮಾಡಿದರೆ ಕಡಿಮೆ ಆರ್‌ಪಿಎಮ್‌ನಲ್ಲಿ ಎಳೆತ ಚೆನ್ನಾಗಿ ಸಿಗುತ್ತದೆ. ಏರಿನ ದಾರಿಗೆ ಬೇಕಾದದ್ದು ಅದೇ.

ಲೋಹ ಯಾವುದಿರಬೇಕು ಎಂಬುದರ ಬಗ್ಗೆ ಆರ್ಡರ್ ಕೊಡುವ ಮೊದಲೇ ನಿಮ್ಮ ಸೇಲ್ಸ್‌ನವರ ಜೊತೆ ಬಹಳ ಹೊತ್ತು ಮಾತಾಡಿದ್ದೆ. ಎಂಎಸ್ ಕೀಳು, ಎಸ್‌ಎಸ್ ಮೇಲು ಎಂದು ಕಣ್ಣುಮುಚ್ಚಿ ನಂಬಿದವನು ನಾನಲ್ಲ. ಎಂಎಸ್ ಅಗ್ಗ, ಬಗ್ಗಿಸಲು ಸುಲಭ, ಒಡೆದರೆ ಬಳ್ಳಾರಿಯ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಅರ್ಧ ದಿನದಲ್ಲಿ ಸರಿಯಾಗುತ್ತದೆ. ಬಿಸಿಗೆ ಹಿಗ್ಗುವುದೂ ಕಡಿಮೆ. ಒಂದು ಮೀಟರ್ ಎಂಎಸ್ ಪೈಪು ಒಂದು ಡಿಗ್ರಿ ಬಿಸಿಗೆ ಸುಮಾರು 12 ಮೈಕ್ರಾನ್ ಹಿಗ್ಗಿದರೆ 304 ಸುಮಾರು 17 ಮೈಕ್ರಾನ್ ಹಿಗ್ಗುತ್ತದೆ. ಅರ್ಧ ಮೀಟರ್ ಪೈಪು 600 ಡಿಗ್ರಿ ಏರಿದಾಗ ಎಂಎಸ್ ಮೂರೂವರೆ ಮಿಲಿಮೀಟರ್ ಚಿಲ್ಲರೆ ಉದ್ದವಾದರೆ ಎಸ್‌ಎಸ್ ಐದು ಮಿಲಿಮೀಟರ್ ದಾಟುತ್ತದೆ. ಆ ಹಿಗ್ಗುವಿಕೆಗೆ ಜಾಗ ಬಿಡದೆ, ಒಳಗಡೆ ಗಾಳಿ ತಾಗದಂತೆ ಆರ್ಗಾನ್ ಗ್ಯಾಸ್ ಬಿಡದೆ ವೆಲ್ಡ್ ಮಾಡಿದ ಎಸ್‌ಎಸ್ ಹೆಡರ್ ಒಳ್ಳೆಯ ಎಂಎಸ್ ಹೆಡರ್‌ಗಿಂತ ಬೇಗ ಸೀಳುತ್ತದೆ. ಇದೆಲ್ಲ ತಿಳಿದೇ ಕೇಳಿದ್ದೆ.

ಎಸ್‌ಎಸ್ ಶಾಖ ಸಾಗಿಸುವುದು ಎಂಎಸ್‌ನ ಮೂರನೇ ಒಂದು ಭಾಗ ಮಾತ್ರ, ಬಾನೆಟ್ ಒಳಗೆ ಬಿಸಿ ಕಡಿಮೆಯಾಗುತ್ತದೆ ಎಂದು ನಿಮ್ಮವರು ಹೇಳಿದರು. ಮೊದಲ ಮಾತು ನಿಜ. ಎರಡನೆಯದು 1.6 ಮಿಲಿಮೀಟರ್ ದಪ್ಪದ ಪೈಪಿನಲ್ಲಿ ಅಷ್ಟಾಗಿ ಗೊತ್ತಾಗುವಂಥದ್ದಲ್ಲ, ಅದಕ್ಕಾಗಿ ನಾನು ದುಡ್ಡು ಕೊಡುವವನೂ ಅಲ್ಲ. ನನಗೆ ಬೇಕಿದ್ದದ್ದು ತುಕ್ಕು ತಡೆಯುವ ಗುಣ. 304ರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. ಆ ಕ್ರೋಮಿಯಂ ಗಾಳಿಯ ಆಕ್ಸಿಜನ್ ಜೊತೆ ಸೇರಿ ಮೇಲೊಂದು ತೆಳು ಪೊರೆ ಕಟ್ಟುತ್ತದೆ, ಗೀಚಿದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಕಾಯುವುದು ಆರುವುದು ನಡೆಯುತ್ತಲೇ ಇದ್ದರೂ 870 ಡಿಗ್ರಿ ಹತ್ತಿರದವರೆಗೆ ತಾಳುತ್ತದೆ. ಬರೀ ಎಂಎಸ್ ಆದರೆ 500 ಡಿಗ್ರಿ ದಾಟಿದ ಮೇಲೆ ಪದರ ಬಿಡಲು ಶುರುಮಾಡುತ್ತದೆ, ಪ್ರತಿ ಪದರಕ್ಕೂ ಪೈಪು ತೆಳ್ಳಗಾಗುತ್ತದೆ. ಒಳಗಿನಿಂದಲೂ ಅದಕ್ಕೆ ನೀರಿನ ಕಾಟ ಇದ್ದದ್ದೇ: ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಅದೇ ಕೊಳವೆಯಲ್ಲಿ ಹೋಗುತ್ತದೆ, ಎಂಜಿನ್ ತಣ್ಣಗಿರುವಾಗ ಅಲ್ಲೇ ಹನಿಗಟ್ಟುತ್ತದೆ.

ಇಷ್ಟಾದರೂ ನಾನು ಎಂಎಸ್ ಬೇಡವೇ ಬೇಡ ಎಂದಿರಲಿಲ್ಲ. ಒಳಗೂ ಹೊರಗೂ ಸೆರಾಮಿಕ್ ಕೋಟಿಂಗ್ ಮಾಡಿಸಿದ ಎಂಎಸ್ ಹೆಡರ್ ನಿಮ್ಮ ದರಪಟ್ಟಿಯಲ್ಲಿ ಹೆಚ್ಚುಕಡಿಮೆ ಅರ್ಧ ಬೆಲೆಗೆ ಇತ್ತು. ಅದನ್ನೇ ತೆಗೆದುಕೊಳ್ಳಲೇ ಎಂದು ಕೇಳಿದಾಗ ನಿಮ್ಮ ಸೇಲ್ಸ್‌ನವರು, ‘ಬೇಡ ಸರ್, ನಿಮ್ಮ ಕಡೆಯ ದೂಳಿಗೆ, ರಾಡಿಗೆ ಎಂಎಸ್ ನಿಲ್ಲಲ್ಲ, 304 ಹಾಕ್ಸಿ, ಮತ್ತೆ ತಿರುಗಿ ನೋಡೋದೇ ಬೇಡ’ ಎಂದರು. ಅವರ ಮಾತಿನ ಮೇಲೆ ದುಪ್ಪಟ್ಟು ಹಣ ಕಟ್ಟಿದೆ. ಯಾವ ಲೋಹ ಬೇಡವೆಂದು ನನ್ನನ್ನು ತಪ್ಪಿಸಿದಿರೋ ಅದನ್ನೇ, ಅದೂ ಸೆರಾಮಿಕ್ ಕೋಟಿಂಗಿನ ರಕ್ಷಣೆಯೂ ಇಲ್ಲದೆ, ಮೇಲೆ ಹೊಳಪು ಹಚ್ಚಿ ಎಸ್‌ಎಸ್ ಬೆಲೆಗೆ ಕೊಟ್ಟಿದ್ದೀರಿ. ನನಗೆ ತಡೆಯಲಾಗದ ಸಿಟ್ಟು ಬಂದಿರುವುದು ಇದಕ್ಕೆ. ತುಕ್ಕು ಹಿಡಿದದ್ದಕ್ಕಿಂತ ಹೆಚ್ಚಾಗಿ, ಆಯ್ದುಕೊಳ್ಳುವ ಹಕ್ಕನ್ನೇ ನೀವು ಕಿತ್ತುಕೊಂಡದ್ದಕ್ಕೆ.

ಮೊದಲು ಗುರುತಿಸಿದ್ದು ಇಲ್ಲಿನ ಮೆಕ್ಯಾನಿಕ್. ಸೋರುವ ಸದ್ದು ಕೇಳಿ ಗಾಡಿ ಎತ್ತಿಸಿದಾಗ, ‘ಸರ್, ಇದು ಎಂಎಸ್ ಐತ್ರೀ, ಎಸ್‌ಎಸ್ ಹಿಂಗ ಹಕ್ಕಳಿ ಏಳಂಗಿಲ್ಲ’ ಎಂದರು. 304 ಕಾದರೆ ಮೊದಲು ಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ ತಿರುಗುತ್ತದೆ. ಇದರಲ್ಲಿ ಅಂಥ ಬಣ್ಣವೇ ಬಂದಿಲ್ಲ. ಲೇಪ ಬೂದಿಯ ಬಣ್ಣಕ್ಕೆ ಹೋಗಿ ಗುಳ್ಳೆ ಎದ್ದಿದೆ, ಅಷ್ಟೇ. ಮ್ಯಾಗ್ನೆಟ್ ಇಟ್ಟರೆ ಉದ್ದಕ್ಕೂ ಗಟ್ಟಿಯಾಗಿ ಕಚ್ಚುತ್ತದೆ.

ಮ್ಯಾಗ್ನೆಟ್ ಒಂದನ್ನೇ ನಂಬಿ ನಾನು ದೂರು ಕೊಡುತ್ತಿಲ್ಲ. ಕಾರ್ ಕಂಪನಿಗಳೇ ಬಳಸುವ 409 ಎಂಬ ಸ್ಟೇನ್‌ಲೆಸ್‌ಗೂ ಮ್ಯಾಗ್ನೆಟ್ ಹಿಡಿಯುತ್ತದೆ, ಅದರಲ್ಲಿ 11 ಭಾಗದಷ್ಟು ಕ್ರೋಮಿಯಂ ಇದೆ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 202ಕ್ಕೆ ಹಿಡಿಯುವುದಿಲ್ಲ, ಆದರೂ ಅದು 304 ಅಲ್ಲ. ಆದ್ದರಿಂದ ಹೆಡರ್ ಬಿಚ್ಚಿಸಿ, ಲೋಹದ ಗ್ರೇಡ್ ನೋಡುವ ಎಕ್ಸ್‌ಆರ್‌ಎಫ್ ಗನ್ ಇರುವ ಕಡೆ ಒಯ್ದು ಪರೀಕ್ಷೆ ಮಾಡಿಸಿದೆ. ಲೇಪದ ಮೇಲೇ ಗನ್ ಹಿಡಿದರೆ ಲೇಪದ ಲೆಕ್ಕ ಬರುತ್ತದೆಂದು ಮೊದಲು ಗ್ರೈಂಡರಿನಲ್ಲಿ ಉಜ್ಜಿಸಿ ಒಳಗಿನ ಲೋಹ ತೆರೆಸಿದೆ. ಪ್ರೈಮರಿ ಪೈಪು (ಸಿಲಿಂಡರಿನಿಂದ ಹೊರಡುವುದು), ಕಲೆಕ್ಟರ್ (ಪೈಪುಗಳು ಕೂಡುವ ಭಾಗ), ಫ್ಲ್ಯಾಂಜ್ (ಎಂಜಿನ್ನಿಗೆ ಬೋಲ್ಟ್ ಮಾಡುವ ದಪ್ಪ ಪಟ್ಟಿ) ಮೂರು ಕಡೆಯೂ ನೋಡಿದರು. 18 ಭಾಗ ಇರಬೇಕಾದ ಕ್ರೋಮಿಯಂ ಒಂದು ಭಾಗವೂ ಇಲ್ಲ, ನಿಕಲ್ ಹೆಸರಿಗಷ್ಟೇ. ವರದಿಯ ಪ್ರತಿ ಲಗತ್ತಿಸಿದ್ದೇನೆ. ಫ್ಲ್ಯಾಂಜ್ ಮಾತ್ರ ಎಂಎಸ್ ಆಗಿದ್ದರೆ ನಾನು ಇಷ್ಟು ದೂರ ಬರುತ್ತಿರಲಿಲ್ಲ. ದಪ್ಪ ಎಂಎಸ್ ಫ್ಲ್ಯಾಂಜಿಗೆ 309 ಫಿಲ್ಲರ್ (ಬೆಸುಗೆ ತಂತಿ) ಹಾಕಿ ಎಸ್‌ಎಸ್ ಪೈಪು ಕೂಡಿಸುವ ಪದ್ಧತಿ ಇದೆ, ಮುಂಚೆ ಹೇಳಿದರೆ ಅದರಲ್ಲಿ ಮೋಸವೇನಿಲ್ಲ.

ಈಗ ನಿಮ್ಮವರು ಕೊಟ್ಟ ಉತ್ತರಗಳು. ಬಗ್ಗಿಸುವಾಗ 304ಕ್ಕೂ ಮ್ಯಾಗ್ನೆಟ್ ಗುಣ ಬರುತ್ತದೆ ಎಂದರು. ಬರುತ್ತದೆ, ಬಾಗಿದ ಜಾಗದಲ್ಲಿ, ಅದೂ ಸ್ವಲ್ಪ. ನೇರ ಪೈಪಿನಲ್ಲಿ ಇಷ್ಟು ಗಟ್ಟಿಯಾಗಿ ಯಾಕೆ ಹಿಡಿಯುತ್ತದೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಆಮೇಲೆ ನಮ್ಮ ಊರಿನ ಅದಿರು ದೂಳಿನ ಮೇಲೆ ಹಾಕಿದರು. ಕಬ್ಬಿಣದ ಕಣ ಕೂತರೆ ಎಸ್‌ಎಸ್ ಮೇಲೂ ಕೆಂಪು ಚುಕ್ಕೆ ಬೀಳುವುದುಂಟು, ನಾನು ಗಣಿಯ ಪಂಪುಗಳಲ್ಲಿ ನೋಡಿದ್ದೇನೆ. ಅದು ಮೇಲಿನ ಕಲೆ, ಸಿಟ್ರಿಕ್ ಆ್ಯಸಿಡ್ ಹಾಕಿ ಉಜ್ಜಿದರೆ ಹೋಗುತ್ತದೆ, ಅಡಿಯಲ್ಲಿ ಲೋಹ ಹಾಗೇ ಇರುತ್ತದೆ. ಇಲ್ಲಿ ಉಜ್ಜಿದಷ್ಟೂ ಲೋಹವೇ ಕಳಚುತ್ತಿದೆ. ಅಲ್ಲದೆ ಈ ದೂಳಿನ ವಿಷಯ ನಾನು ಮೊದಲೇ ಹೇಳಿ, ಅದಕ್ಕೆ ತಕ್ಕ ಲೋಹ ಕೇಳಿದ್ದೆ. ಕೊನೆಗೆ, ಹೀಟ್ ವ್ರ್ಯಾಪ್ (ಶಾಖ ತಡೆಯಲು ಪೈಪಿಗೆ ಸುತ್ತುವ ಪಟ್ಟಿ) ಸುತ್ತಿದ್ದೀರಿ, ವಾರಂಟಿ ಇಲ್ಲ ಎಂದರು. ನಾನು ವ್ರ್ಯಾಪ್ ಸುತ್ತಿಲ್ಲ. ಸುತ್ತಿದರೆ ಅದು ತೇವ ಹಿಡಿದುಕೊಂಡು ಎಂಎಸ್‌ಗೆ ಇನ್ನೂ ಬೇಗ ತುಕ್ಕು ಹಿಡಿಸುತ್ತದೆಂದು ಗೊತ್ತು. ಬಿಚ್ಚಿದಾಗಿನ ಫೋಟೋಗಳು ಜೊತೆಗಿವೆ, ನೋಡಿಕೊಳ್ಳಿ.

ಈ ಸೋರಿಕೆಯನ್ನು ಸಣ್ಣದೆಂದು ತಳ್ಳಿಹಾಕಬೇಡಿ. ಬಿರುಕು ಇರುವುದು ಆಕ್ಸಿಜನ್ ಸೆನ್ಸರಿಗಿಂತ ಮೊದಲು. ಹೊಗೆ ಹೊರಬರುವ ಸಂದಿಯಿಂದಲೇ ನಡುನಡುವೆ ಹೊರಗಿನ ಗಾಳಿಯೂ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಅದನ್ನು ಪೆಟ್ರೋಲ್ ಕಡಿಮೆಯಾಯಿತೆಂದು ಓದುತ್ತದೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಬಿಡುತ್ತದೆ. ಮೈಲೇಜ್ ಬಿದ್ದಿದೆ. ಅದಕ್ಕಿಂತ ದೊಡ್ಡ ಭಯ ಕಾರ್ಬನ್ ಮಾನಾಕ್ಸೈಡಿನದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬಾನೆಟ್ ಒಳಗೆ ಸೋರಿದ್ದು ಗಾಳಿಯ ದಾರಿಯಿಂದ ಕ್ಯಾಬಿನ್‌ಗೆ ಬರುತ್ತದೆ. ನನ್ನ ಹಿಂದೆ ಕೆಲಸದ ಹುಡುಗರು ಕೂತಿರುತ್ತಾರೆ. ಆದ್ದರಿಂದ ಗಾಡಿಯನ್ನು ನಿಲ್ಲಿಸಿದ್ದೇನೆ, ಬಾಡಿಗೆ ಗಾಡಿಯಲ್ಲಿ ಸಂಡೂರಿಗೆ ಹೋಗಿ ಬರುತ್ತಿದ್ದೇನೆ.

ನನ್ನ ಬೇಡಿಕೆ ಇಷ್ಟು. ಹೆಡರಿನ ಪೂರ್ತಿ ಬೆಲೆ, ಸಾಗಣೆ ವೆಚ್ಚ, ಕೂರಿಸಿ ಬಿಚ್ಚಿದ ಕೂಲಿ, ಗ್ಯಾಸ್ಕೆಟ್ ಮತ್ತು ಸ್ಟಡ್‌ಗಳ ಹಣ, ಪರೀಕ್ಷೆಯ ಶುಲ್ಕ, ಇಷ್ಟನ್ನೂ ವಾಪಸು ಕೊಡಿ. ರಸೀದಿಗಳೆಲ್ಲ ಲಗತ್ತಾಗಿವೆ. ಕಳಪೆ ಹೆಡರನ್ನು ನಿಮ್ಮ ಖರ್ಚಿನಲ್ಲಿ ಒಯ್ಯಿರಿ. ಬದಲಿ ಕೊಡುತ್ತೇವೆ ಎನ್ನುವುದಾದರೆ ಪೈಪಿನ ಹೀಟ್ ನಂಬರ್ (ಲೋಹ ಕರಗಿಸಿದ ಕಂತಿನ ಸಂಖ್ಯೆ) ಇರುವ, ಉಕ್ಕಿನ ಕಾರ್ಖಾನೆ ಕೊಡುವ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಮೊದಲು ಕಳಿಸಬೇಕು, ಇಲ್ಲಿ ಮತ್ತೆ ಪರೀಕ್ಷೆ ಮಾಡಿಸಿದ ಮೇಲಷ್ಟೇ ನಾನು ಒಪ್ಪುವುದು. ಇದೇ ಲಾಟಿನಲ್ಲಿ ಹೆಡರ್ ಕೊಂಡ ಬೇರೆಯವರಿಗೂ ನೀವೇ ತಿಳಿಸಬೇಕು. ಅವರಲ್ಲಿ ಎಷ್ಟು ಜನ ಸೋರುವ ಪೈಪಿನ ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತಿದ್ದಾರೋ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಬಳ್ಳಾರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ನಿಮ್ಮ ಕಚೇರಿ ಬೇರೆ ಊರಿನಲ್ಲಿದೆ ಎಂಬುದು ಅಡ್ಡಿಯಾಗದು, ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು 34ನೇ ಕಲಮು ಅವಕಾಶ ಕೊಟ್ಟಿದೆ. ಗಾಡಿ ಕೆಲಸಕ್ಕೆ ಬಳಸುತ್ತೀರಿ, ನೀವು ಗ್ರಾಹಕರೇ ಅಲ್ಲ ಎಂದು ನಿಮ್ಮವರು ಒಮ್ಮೆ ಹೇಳಿದ್ದಾರೆ. ಸ್ವಂತ ದುಡಿಮೆಯ ಹೊಟ್ಟೆಪಾಡಿಗಾಗಿಯೇ ಬಳಸುವ ವಸ್ತುವನ್ನು ಅದೇ ಕಾಯ್ದೆ ವಾಣಿಜ್ಯ ಉದ್ದೇಶದಿಂದ ಹೊರಗಿಟ್ಟಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೂ (ಫೋನ್ ಸಂಖ್ಯೆ 1915) ದೂರು ದಾಖಲಿಸುತ್ತೇನೆ. ಹೆಡರನ್ನು ಉಜ್ಜಿದ ಗುರುತಿನ ಸಮೇತ ಹಾಗೇ ಇಟ್ಟಿದ್ದೇನೆ. ನಿಮ್ಮ ಕಡೆಯವರು ಬಂದು ನೋಡುವುದಾದರೆ ಮೊದಲೇ ತಿಳಿಸಿ ಬರಲಿ, ಅವರ ಎದುರಿಗೇ ಇನ್ನೊಮ್ಮೆ ಪರೀಕ್ಷೆ ಮಾಡಿಸಲು ಸಿದ್ಧನಿದ್ದೇನೆ.

ಇತಿ,
ನಿಮ್ಮ ಗ್ರಾಹಕ
ಬಳ್ಳಾರಿ