ಕಚ್ಚಾ ಡೆನಿಮ್ ಜೀನ್ಸನ್ನು ಒಗೆಯಲೇಬೇಕು

ಸಂಪಾದಕರಿಗೆ,

ಮಾನ್ಯರೇ,

ದಪ್ಪ ಕಚ್ಚಾ ಡೆನಿಮ್ ಜೀನ್ಸ್‌ಗಳ ಬಗ್ಗೆ ತಮ್ಮ ವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಈ ವಿಷಯವಾಗಿ ಕನ್ನಡದಲ್ಲಿ ಬರೆಯುವವರು ವಿರಳವಾದ್ದರಿಂದ ಅಂಥದೊಂದು ಲೇಖನ ಬಂದದ್ದೇ ಸಂತೋಷ. ಆದರೆ ಅದರಲ್ಲಿನ ಎರಡು ಸಲಹೆಗಳನ್ನು, ಅಂದರೆ ಜೀನ್ಸನ್ನು ವರ್ಷಗಟ್ಟಲೆ ನೀರಿಗೆ ಹಾಕಬಾರದು ಎಂಬುದನ್ನೂ ವಾಸನೆ ಬಂದರೆ ಫ್ರೀಜರ್‌ನಲ್ಲಿ ಇಟ್ಟರೆ ಸಾಕು ಎಂಬುದನ್ನೂ, ಒಪ್ಪಲಾಗುವುದಿಲ್ಲ. ನಮ್ಮ ಹವೆಯಲ್ಲಿ ಹೀಗೆ ಮಾಡಿದರೆ ಹಲವು ಸಾವಿರ ರೂಪಾಯಿ ಕೊಟ್ಟು ತಂದ ಬಟ್ಟೆ ಬಣ್ಣ ಬಿಡುವ ಮೊದಲೇ ಹರಿಯುತ್ತದೆ. ಇಂತಹ ಜೀನ್ಸ್‌ಗಳನ್ನು ಬಹುಕಾಲದಿಂದ ತೊಡುತ್ತ, ಒಗೆಯುತ್ತ, ದುರಸ್ತಿ ಮಾಡಿಸುತ್ತ ಬಂದವನಾಗಿ ನನ್ನ ಮಾತುಗಳನ್ನು ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

ಕಚ್ಚಾ ಡೆನಿಮ್ ಎಂದರೆ ನೇಯ್ದ ಮೇಲೆ ಒಮ್ಮೆಯೂ ಒಗೆಯದೆ ಹೊಲಿದ ಬಟ್ಟೆ. ಇಂತಹ ಜೀನ್ಸ್‌ಗಳ ಜೊತೆಗೆ ಸೆಲ್ವೆಜ್ ಎಂಬ ಮಾತೂ ಕೇಳಿಬರುತ್ತದೆ. ಲಾಳಿ ಮಗ್ಗದಲ್ಲಿ ಹೊಕ್ಕುನೂಲು, ಅಂದರೆ ಅಡ್ಡಕ್ಕೆ ನೇಯುವ ನೂಲು, ಎರಡೂ ಬದಿಯಲ್ಲಿ ಕತ್ತರಿಸಿಕೊಳ್ಳದೆ ಮರಳಿ ಒಳಗೆ ತಿರುಗುವುದರಿಂದ ತಾನಾಗಿ ಕಟ್ಟಿಕೊಳ್ಳುವ ಅಂಚೇ ಸೆಲ್ವೆಜ್. ನಮ್ಮ ಕೈಮಗ್ಗದ ಪಂಚೆ, ಸೀರೆಗಳ ಅಂಚು ಬಿಚ್ಚಿಕೊಳ್ಳದೆ ನಿಲ್ಲುವುದೂ ಇದೇ ಕಾರಣಕ್ಕೆ. ಇಂತಹ ಮಗ್ಗಗಳಿಂದ ಬರುವ ಬಟ್ಟೆಯ ಅಗಲ ಸುಮಾರು 30 ಇಂಚು ಮಾತ್ರ, ಈಗಿನ ಲಾಳಿಯಿಲ್ಲದ ಮಗ್ಗಗಳದ್ದು ಅದರ ಎರಡರಷ್ಟು. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಗ್ರೀನ್ಸ್‌ಬರೊ ನಗರದಲ್ಲಿ 1905ರಲ್ಲಿ ಆರಂಭವಾಗಿ, ಲೀವೈಸ್ ಕಂಪನಿಗೆ ದಶಕಗಳ ಕಾಲ ಡೆನಿಮ್ ಒದಗಿಸಿದ ಕೋನ್ ಮಿಲ್ಸ್‌ನ ವೈಟ್ ಓಕ್ ಗಿರಣಿ 2017ರ ಕೊನೆಗೆ ಮುಚ್ಚಿತು. ಇಂದು ಈ ಬಟ್ಟೆಯ ಮುಖ್ಯ ನೆಲೆ ಜಪಾನಿನ ಒಕಾಯಾಮಾ ಮತ್ತು ಹಿರೋಶಿಮಾ ಪ್ರಾಂತ್ಯಗಳು. ಅಲ್ಲಿ ಹಳೆಯ ಟೊಯೊಡಾ ಲಾಳಿ ಮಗ್ಗಗಳು ಈಗಲೂ ಓಡುತ್ತಿವೆ.

ಡೆನಿಮ್‌ನ ದಪ್ಪವನ್ನು ಒಂದು ಚದರ ಗಜ ಬಟ್ಟೆ ಎಷ್ಟು ಔನ್ಸ್ ತೂಗುತ್ತದೆ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಸಾಮಾನ್ಯ ಜೀನ್ಸ್ 12ರಿಂದ 14 ಔನ್ಸ್ ಇದ್ದರೆ, 16 ಔನ್ಸ್ ದಾಟಿದ್ದನ್ನು ದಪ್ಪದ್ದೆಂದು ಪರಿಗಣಿಸುವುದು ರೂಢಿ. ಜಪಾನಿನ ಐರನ್ ಹಾರ್ಟ್ ಕಂಪನಿ ಮೋಟಾರ್ ಸೈಕಲ್ ಸವಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ 21 ಔನ್ಸಿನ ಬಟ್ಟೆ ಪ್ರತಿ ಚದರ ಮೀಟರಿಗೆ ಸುಮಾರು 710 ಗ್ರಾಂ ತೂಗುತ್ತದೆ. ಉದ್ದಕ್ಕೆ ಹಾಸಿದ ನೂಲಿಗೆ, ಅಂದರೆ ಹಾಸುನೂಲಿಗೆ, ಮಗ್ಗದಲ್ಲಿ ಹರಿಯದಿರಲೆಂದು ಹಾಕಿದ ಗಂಜಿಯೂ ಹಾಗೇ ಉಳಿದಿರುವುದರಿಂದ, ಹೊಸದರಲ್ಲಿ ಈ ಜೀನ್ಸ್ ನೆಲದ ಮೇಲೆ ತಾನಾಗಿ ನಿಲ್ಲುವಷ್ಟು ಸೆಟೆದಿರುತ್ತದೆ. ಮೊದಲ ವಾರಗಳಲ್ಲಿ ಮಂಡಿಯ ಹಿಂದೆ ಚರ್ಮ ಉಜ್ಜಿ ಉರಿಯುತ್ತದೆ, ಗುಂಡಿಗಳನ್ನು ಕಾಜಾದೊಳಗೆ ತೂರಿಸಲು ಬೆರಳು ನೋಯುತ್ತದೆ, ಕೂತರೆ ಸೊಂಟ ಒತ್ತುತ್ತದೆ. ಇದಕ್ಕೆ ಒಳದಾರಿಯಿಲ್ಲ, ತೊಟ್ಟೇ ಪಳಗಿಸಬೇಕು. ಮನೆಯಲ್ಲಿ ತೊಟ್ಟು ಕುಕ್ಕರುಗಾಲಲ್ಲಿ ಕೂರುವುದು, ಮೆಟ್ಟಿಲು ಹತ್ತಿಳಿಯುವುದು, ಸೈಕಲ್ ತುಳಿಯುವುದು ಇವೆಲ್ಲ ಸಹಾಯಕ್ಕೆ ಬರುತ್ತವೆ. ಸೊಂಟದ ಸುತ್ತಳತೆ ತೊಡುತ್ತ ತೊಡುತ್ತ ಒಂದು ಇಂಚಿನಷ್ಟು ಸಡಿಲಗೊಳ್ಳುವುದರಿಂದ ಮೊದಲ ದಿನದ ಬಿಗಿಗೆ ಹೆದರಿ ದೊಡ್ಡ ಅಳತೆಯದನ್ನು ಕೊಳ್ಳಬಾರದು. ಉಜ್ಜು ಕಾಗದ ಹಿಡಿದು ತಿಕ್ಕುವ ಆತುರವಂತೂ ಬೇಡವೇ ಬೇಡ.

ಒಗೆಯಬಾರದು ಎಂಬ ಮಾತಿನಲ್ಲಿ ಸತ್ಯಾಂಶ ಇಲ್ಲವೆಂದು ನಾನು ಹೇಳುವುದಿಲ್ಲ. ಇಂಡಿಗೊ ನೀರಿನಲ್ಲಿ ಕರಗದ ಬಣ್ಣ. ಅದನ್ನು ರಾಸಾಯನಿಕ ಕ್ರಿಯೆಯಿಂದ ಕರಗುವಂತೆ ಮಾಡಿ, ಹಾಸುನೂಲನ್ನು ಹಗ್ಗದಂತೆ ಕಟ್ಟಿ ಅದರಲ್ಲಿ ಮತ್ತೆ ಮತ್ತೆ ಅದ್ದಿ, ಪ್ರತಿ ಸಲವೂ ಗಾಳಿಗೆ ಒಡ್ಡುತ್ತಾರೆ. ಗಾಳಿ ತಗುಲಿದೊಡನೆ ಬಣ್ಣ ಪುನಃ ಕರಗದ ರೂಪಕ್ಕೆ ತಿರುಗಿ ನೂಲಿನ ಹೊರಪದರದಲ್ಲೇ ಸಿಕ್ಕಿಕೊಳ್ಳುತ್ತದೆ, ನಡುತಿರುಳು ಬಿಳಿಯಾಗೇ ಉಳಿಯುತ್ತದೆ. ಹೀಗಾಗಿ ಎಲ್ಲಿ ಉಜ್ಜಾಟ ಹೆಚ್ಚೋ ಅಲ್ಲಿ ನೀಲಿ ಸವೆದು ಬಿಳುಪು ಕಾಣುತ್ತದೆ. ತೊಡೆಯ ಮೇಲಿನ ಮೀಸೆಯಂತಹ ಗೆರೆಗಳು, ಮಂಡಿಯ ಹಿಂದಿನ ಜೇನುಗೂಡಿನ ವಿನ್ಯಾಸ, ಜೇಬಿನಲ್ಲಿಟ್ಟ ಪರ್ಸಿನ ಅಚ್ಚು ಇವೆಲ್ಲ ಹುಟ್ಟುವುದು ಹೀಗೆ. ಗಂಜಿ ಇರುವಷ್ಟು ದಿನ ಸುಕ್ಕುಗಳು ಒಂದೇ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ, ಬೇಗ ಒಗೆದರೆ ಗಂಜಿ ಹೋಗಿ ಸುಕ್ಕುಗಳು ಮೃದುವಾಗುತ್ತವೆ. ಆದ್ದರಿಂದ ಕಡುನೀಲಿಗೂ ಬಿಳುಪಿಗೂ ನಡುವೆ ತೀಕ್ಷ್ಣ ವ್ಯತ್ಯಾಸ ಬಯಸುವವರು ಮೊದಲ ಒಗೆತವನ್ನು ಕೆಲಕಾಲ ಮುಂದೂಡುವುದರಲ್ಲಿ ಅರ್ಥವಿದೆ. ಕೆಲಕಾಲ ಎಂಬುದು ಎಂದೆಂದಿಗೂ ಎಂದಾದಾಗಲೇ ತೊಂದರೆ.

ಈ ಸಲಹೆಗಳು ಎಲ್ಲಿ ಹುಟ್ಟಿದವೆಂಬುದನ್ನು ಗಮನಿಸಬೇಕು. ಮೊದಲ ಆರು ತಿಂಗಳು ಒಗೆಯಬೇಡಿ ಎಂಬ ಮಾತನ್ನು ಜನಪ್ರಿಯಗೊಳಿಸಿದವರಲ್ಲಿ ಸ್ವೀಡನ್ನಿನ ನ್ಯೂಡಿ ಜೀನ್ಸ್ ಕಂಪನಿಯೂ ಒಂದು. ಅಲ್ಲಿನ ಚಳಿ ಎಂಥದೆಂದು ವಿವರಿಸಬೇಕಿಲ್ಲ. 2014ರಲ್ಲಿ ಲೀವೈಸ್‌ನ ಅಂದಿನ ಮುಖ್ಯಸ್ಥ ಚಿಪ್ ಬರ್ಗ್ ಒಂದು ಸಮಾವೇಶದಲ್ಲಿ, ತಾವು ತೊಟ್ಟಿರುವ ವರ್ಷದ ಹಿಂದಿನ ಜೀನ್ಸ್ ಇನ್ನೂ ವಾಷಿಂಗ್ ಮಷಿನ್ ಕಂಡಿಲ್ಲ ಎಂದದ್ದು ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ಕಲೆಯಾದ ಜಾಗವನ್ನಷ್ಟೇ ಒರೆಸುತ್ತೇನೆ, ಬೇಕಾದಾಗ ಕೈಯಲ್ಲಿ ಒಗೆಯುತ್ತೇನೆ ಎಂದು ಅವರು ಬಳಿಕ ಕೊಟ್ಟ ವಿವರಣೆ ಅಷ್ಟು ದೂರ ತಲುಪಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಧಾರ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ್ದು. ಅಲ್ಲಿನ ವಿದ್ಯಾರ್ಥಿಯೊಬ್ಬ 15 ತಿಂಗಳು ಒಗೆಯದೆ ತೊಟ್ಟ ಕಚ್ಚಾ ಜೀನ್ಸಿನ ಮೇಲಿದ್ದ ಬ್ಯಾಕ್ಟೀರಿಯಾಗಳನ್ನು ಎಣಿಸಿ, ಒಗೆದು ಮತ್ತೆ 13 ದಿನ ತೊಟ್ಟ ಮೇಲೆ ಪುನಃ ಎಣಿಸಿದಾಗ ಎರಡೂ ಲೆಕ್ಕಗಳು ಹೆಚ್ಚುಕಡಿಮೆ ಒಂದೇ ಬಂದವು. ಫಲಿತಾಂಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಉತ್ತರಿಸಿದ್ದು ಆರೋಗ್ಯದ ಪ್ರಶ್ನೆಗೆ, ಬಟ್ಟೆಯ ಬಾಳಿಕೆಯ ಪ್ರಶ್ನೆಗಲ್ಲ. ಮೇಲಾಗಿ ಆ ವಿಶ್ವವಿದ್ಯಾಲಯವಿರುವ ಎಡ್ಮಂಟನ್ ವರ್ಷದ ಬಹುಪಾಲು ಶೀತವೂ ಶುಷ್ಕವೂ ಆದ ಊರು. ಮಂಗಳೂರಿನ ಮೇ ತಿಂಗಳನ್ನಾಗಲಿ, ಜೂನ್ ಮಳೆಯಲ್ಲಿ ನೆನೆದ ಜೀನ್ಸ್ ಎರಡು ದಿನವಾದರೂ ಒಣಗದ ಮಲೆನಾಡಿನ ಮನೆಯನ್ನಾಗಲಿ ಆ ಪರೀಕ್ಷೆ ಕಂಡಿಲ್ಲ. ಫ್ರೀಜರ್‌ನ ವಿಷಯಕ್ಕೆ ಬಂದರೆ, ಮನೆಯ ಫ್ರೀಜರ್‌ನ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಸಾಯುವುದಿಲ್ಲ, ಸುಮ್ಮನಿರುತ್ತವೆ ಅಷ್ಟೆ. ಬೆವರು, ಮೈಯ ಜಿಡ್ಡು, ಧೂಳು ಇದ್ದಲ್ಲೇ ಇರುತ್ತವೆ.

ಬಟ್ಟೆಯನ್ನು ತಿನ್ನುವುದು ಈ ಜಿಡ್ಡು ಮತ್ತು ಧೂಳುಗಳೇ. ರಸ್ತೆಯ ಸಣ್ಣ ಮರಳಿನಂತಹ ಕಣಗಳು ಜಿಡ್ಡಿಗೆ ಅಂಟಿ ನೂಲಿನ ಎಳೆಗಳ ಒಳಗೆ ಸೇರಿಕೊಂಡು ಹೆಜ್ಜೆ ಹೆಜ್ಜೆಗೂ ಹತ್ತಿಯ ನಾರನ್ನು ಉಜ್ಜುತ್ತವೆ. ತೇವ ಆರದೆ ಉಳಿದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ಆಹಾರವೇ ಹತ್ತಿಯ ಸೆಲ್ಯುಲೋಸ್. ದಪ್ಪ ಬಟ್ಟೆ ಹೆಚ್ಚು ಬಾಳುತ್ತದೆಂಬ ನಂಬಿಕೆ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. 21 ಔನ್ಸಿನ ಬಟ್ಟೆ ಸುಲಭವಾಗಿ ಬಾಗದ ಕಾರಣ ಅದರ ಸುಕ್ಕುಗಳು ಚೂಪಾಗಿ ಒಂದೇ ಗೆರೆಯಲ್ಲಿ ನಿಲ್ಲುತ್ತವೆ, ಸವೆತವೆಲ್ಲ ಆ ಗೆರೆಯ ಮೇಲೇ ಬೀಳುತ್ತದೆ. ತೊಡೆಸಂದಿನಲ್ಲಂತೂ ನಾಲ್ಕು ಹೊಲಿಗೆಗಳು ಕೂಡುವ ಜಾಗ, ಬೆವರು, ಉಜ್ಜಾಟ ಮೂರೂ ಸೇರುತ್ತವೆ. ಒಗೆಯದ ಜೀನ್ಸ್‌ಗಳು ಮೊದಲು ಬಾಯಿ ಬಿಡುವುದು ಅಲ್ಲೇ ಎಂಬುದು ಇವನ್ನು ರಫೂ ಮಾಡುವ ಯಾರನ್ನು ಕೇಳಿದರೂ ತಿಳಿಯುತ್ತದೆ.

ಹಳೆಯ ಕಾಲದ ಜೀನ್ಸ್‌ಗಳ ಚೆಲುವನ್ನು ಮೆಚ್ಚಿ ಈ ಹವ್ಯಾಸಕ್ಕೆ ಬರುವವರು ನೆನಪಿಡಬೇಕಾದ್ದು ಇನ್ನೊಂದಿದೆ. ನೆವಾಡಾದ ರೀನೊ ಊರಿನ ದರ್ಜಿ ಜೇಕಬ್ ಡೇವಿಸ್ ಮತ್ತು ಲೀವೈ ಸ್ಟ್ರಾಸ್ 1873ರ ಮೇ 20ರಂದು ತಾಮ್ರದ ರಿವೆಟ್ಟುಗಳಿಗೆ ಪೇಟೆಂಟ್ ಪಡೆದದ್ದು ದುಡಿಯುವವರ ಪ್ಯಾಂಟಿನ ಜೇಬು ಹರಿಯದಿರಲೆಂದು. ಗಣಿಯಲ್ಲೂ ಹೊಲದಲ್ಲೂ ಮೈಮುರಿದು ದುಡಿದ ಜನ ತಮ್ಮ ಬಟ್ಟೆಯನ್ನು ಒಗೆದೇ ತೊಟ್ಟರು. ಇಂದು ಸಂಗ್ರಾಹಕರು ಮೆಚ್ಚುವ ಮಾಸಲು ನೀಲಿ ತೊಟ್ಟು, ಒಗೆದು, ಮತ್ತೆ ತೊಟ್ಟದ್ದರಿಂದ ಬಂದದ್ದು. ಬೇಸಿಗೆಯಲ್ಲಿ ನಮ್ಮಂತೆಯೇ ಬೆವರುವ ಜಪಾನಿನಲ್ಲಿ, ಈ ಬಟ್ಟೆಯನ್ನು ಉಳಿಸಿ ಬೆಳೆಸಿದ ತಯಾರಕರಲ್ಲಿ ಅನೇಕರು ಆಗಾಗ ಒಗೆಯಿರಿ ಎಂದೇ ಹೇಳುತ್ತಾರೆ.

ಹಾಗಾದರೆ ಒಗೆಯುವುದು ಹೇಗೆ? ಮೊದಲು ಬಟ್ಟೆ ಸ್ಯಾನ್‌ಫೊರೈಸ್ ಆಗಿದೆಯೇ ಎಂದು ತಿಳಿಯಬೇಕು. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ರೂಪಿಸಿದ ಆ ವಿಧಾನದಲ್ಲಿ ಬಟ್ಟೆಯನ್ನು ಮೊದಲೇ ಕುಗ್ಗಿಸಿರುವುದರಿಂದ ಒಗೆದಾಗ ಹೆಚ್ಚು ಕುಗ್ಗುವುದಿಲ್ಲ. ಅದಾಗಿರದ ಬಟ್ಟೆ ನೂರಕ್ಕೆ ಏಳರಿಂದ ಹತ್ತರವರೆಗೆ ಕುಗ್ಗಬಹುದು, ಅಂದರೆ 32 ಇಂಚಿನ ಕಾಲು ಒಂದೇ ನೆನೆಸಿಗೆ ಎರಡು-ಮೂರು ಇಂಚು ಗಿಡ್ಡವಾಗುತ್ತದೆ. ಇಂಥದನ್ನು ತೊಡುವ ಮೊದಲೇ ಸ್ನಾನದ ನೀರಿಗಿಂತ ತುಸು ಹೆಚ್ಚು ಬಿಸಿಯಾದ ನೀರಿನಲ್ಲಿ ಒಂದು ಗಂಟೆ ನೆನೆಹಾಕಿ ನೆರಳಿನಲ್ಲಿ ಒಣಗಿಸಬೇಕು. ಕಾಲಿನ ಉದ್ದ ಕತ್ತರಿಸಿ ಮಡಿಸಿ ಹೊಲಿಸುವುದು ಅದಾದ ಮೇಲೆ. ಒಣಗಿದಾಗ ಪಕ್ಕದ ಹೊಲಿಗೆ ಮುಂದಕ್ಕೆ ತುಸು ತಿರುಚಿಕೊಂಡಿದ್ದರೆ ಗಾಬರಿ ಬೇಡ, ಓರೆಗೆರೆಯ ಟ್ವಿಲ್ ನೇಯ್ಗೆಯ ಗುಣವೇ ಅದು.

ಬಳಿಕ ಬೆಂಗಳೂರಿನಂತಹ ಊರಿನಲ್ಲಿ ವಾರದಲ್ಲಿ ನಾಲ್ಕೈದು ದಿನ ತೊಡುವವರು ಎರಡು-ಮೂರು ತಿಂಗಳಿಗೊಮ್ಮೆ, ಕರಾವಳಿಯವರು ಅದಕ್ಕಿಂತ ಬೇಗ ಒಗೆಯುವುದು ಒಳ್ಳೆಯದು. ಮುಗ್ಗಲು ವಾಸನೆ ಬಂದರೆ ಅಥವಾ ಬಟ್ಟೆ ಕೈಗೆ ಜಿಡ್ಡುಜಿಡ್ಡಾಗಿ ಹತ್ತಿದರೆ ಲೆಕ್ಕ ನೋಡುತ್ತ ಕೂರಬಾರದು. ಗುಂಡಿಗಳನ್ನು ಹಾಕಿ, ಒಳಮೈ ಹೊರಗೆ ಬರುವಂತೆ ತಿರುವಿ, ಅಗಲವಾದ ಟಬ್ಬಿನಲ್ಲಿ ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು ತುಂಬಿ ಜೀನ್ಸನ್ನು ಆದಷ್ಟು ಮಡಿಕೆ ಬೀಳದಂತೆ ಮುಳುಗಿಸಬೇಕು. ಸೋಪಿನ ಪುಡಿಗಳಲ್ಲಿ ಬಿಳುಪು ಹೆಚ್ಚಿಸುವ ಅಂಶಗಳಿರುವುದು ಸಾಮಾನ್ಯ, ಅವು ಇಂಡಿಗೊ ಬಣ್ಣದ ಆಳವನ್ನು ಮಂಕಾಗಿಸುತ್ತವೆ. ರೇಷ್ಮೆ, ಉಣ್ಣೆಗೆಂದು ಮಾರುವ ಸೌಮ್ಯ ದ್ರಾವಣ ಸ್ವಲ್ಪವೇ ಸಾಕು. ಅರ್ಧ ಮುಕ್ಕಾಲು ಗಂಟೆ ನೆನೆದ ಮೇಲೆ ತೊಡೆಸಂದು, ಸೊಂಟಪಟ್ಟಿ, ಕಾಲಿನ ತುದಿಗಳನ್ನು ಕೈಯಿಂದ ಅದುಮಿ ತೊಳೆಯಬೇಕು. ಒಗೆಯುವ ಕಲ್ಲಿಗೆ ಬಡಿಯುವುದು, ಬ್ರಷ್ ಹಾಕಿ ಉಜ್ಜುವುದು ಎರಡೂ ಬೇಡ. ನೀರು ತಿಳಿಯಾಗುವವರೆಗೆ ಜಾಲಾಡಬೇಕು. ಬೋರ್‌ವೆಲ್‌ನ ಗಡಸು ನೀರಾದರೆ ಇನ್ನೊಂದು ಸಲ ಹೆಚ್ಚೇ ಜಾಲಾಡಬೇಕು, ಇಲ್ಲದಿದ್ದರೆ ಉಳಿದ ಸೋಪಿನಂಶ ಬಟ್ಟೆಯನ್ನು ಮತ್ತೆ ಒರಟಾಗಿಸುತ್ತದೆ. ಹಿಂಡದೆ ಸೊಂಟಪಟ್ಟಿ ಹಿಡಿದು ತೂಗುಹಾಕಿ, ಬಿಸಿಲು ನೇರ ಬೀಳದ, ಗಾಳಿಯಾಡುವ ಕಡೆ ಒಣಗಿಸಬೇಕು. ಮಳೆಗಾಲದಲ್ಲಿ ಫ್ಯಾನಿನ ಗಾಳಿ ಬೇಕೇ ಬೇಕು, ಏಕೆಂದರೆ ಒಳಜೇಬು ಮತ್ತು ಸೊಂಟಪಟ್ಟಿಗಳು ಕೊನೆಗೆ ಒಣಗುತ್ತವೆ.

ವಾಷಿಂಗ್ ಮಷಿನ್ ನಿಷಿದ್ಧವಲ್ಲ. ಆದರೆ ಗಂಜಿ ಇನ್ನೂ ಇರುವ ದಪ್ಪ ಜೀನ್ಸನ್ನು ಮೊದಲ ಸಲವೇ ಅದಕ್ಕೆ ಹಾಕಿದರೆ, ಮಡಿಚಿಕೊಂಡ ಜಾಗಗಳಲ್ಲೆಲ್ಲ ಅಳಿಸಲಾಗದ ಬಿಳಿ ಗೀರುಗಳು ಏಳುತ್ತವೆ. ಎರಡು-ಮೂರು ಕೈಒಗೆತ ಕಂಡು ಬಟ್ಟೆ ಮೆತ್ತಗಾದ ಮೇಲೆ ತಣ್ಣೀರು, ನಿಧಾನ ಸ್ಪಿನ್ ಇಟ್ಟು ಹಾಕಬಹುದು.

ಹೊಸ ಬಣ್ಣದ ಸೀರೆಯನ್ನು ಉಪ್ಪುನೀರಿನಲ್ಲಿ ನೆನೆಹಾಕುವ ನಮ್ಮ ಮನೆಗಳ ರೂಢಿಯನ್ನು ಜೀನ್ಸಿಗೂ ಅನ್ವಯಿಸುವವರಿದ್ದಾರೆ, ವಿನಿಗರ್ ಹಾಕುವವರೂ ಇದ್ದಾರೆ. ಇಂಡಿಗೊ ಹತ್ತಿಯೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳದ ಬಣ್ಣವಾದ್ದರಿಂದ ಇವೆರಡರಿಂದಲೂ ಅದು ನಿಲ್ಲುವುದಿಲ್ಲ. ಮೊದಲ ತಿಂಗಳುಗಳಲ್ಲಿ ಬಿಳಿ ಶೂ, ತೆಳುಬಣ್ಣದ ಸೋಫಾ, ಸ್ನೇಹಿತರ ಕಾರಿನ ಸೀಟುಗಳಿಂದ ದೂರವಿರುವುದೊಂದೇ ಉಪಾಯ.

ಒಗೆಯದಿರುವುದಕ್ಕೆ ನೀರಿನ ಉಳಿತಾಯದ ಕಾರಣವನ್ನೂ ಕೊಡುತ್ತಾರೆ. ಕುಡಿಯುವ ನೀರಿಗೂ ಟ್ಯಾಂಕರ್ ಕಾಯುವ ಊರುಗಳಿರುವ ನಾಡಿನಲ್ಲಿ ಇದು ಹಗುರವಾದ ಮಾತಲ್ಲ. ಲೀವೈಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಜೀನ್ಸಿನ ಇಡೀ ಬಾಳಿಗೆ ತಗಲುವ 3,781 ಲೀಟರ್ ನೀರಿನಲ್ಲಿ ನೂರಕ್ಕೆ 68 ಪಾಲು ಹತ್ತಿ ಬೆಳೆಯುವುದಕ್ಕೇ ಹೋಗುತ್ತದೆ, ಕೊಂಡವರ ಒಗೆತಕ್ಕೆ 23 ಪಾಲು. ಅಂದ ಮೇಲೆ ವರ್ಷಕ್ಕೆ ನಾಲ್ಕೈದು ಸಲ ಟಬ್ಬಿನಲ್ಲಿ ಒಗೆದು ಜೀನ್ಸನ್ನು ಹತ್ತು ವರ್ಷ ತೊಡುವವರು, ಒಗೆಯದೆ ಎರಡು ವರ್ಷಕ್ಕೆ ಹರಿದು ಇನ್ನೊಂದನ್ನು ಕೊಳ್ಳುವವರಿಗಿಂತ ಹೆಚ್ಚು ನೀರು ಉಳಿಸುತ್ತಾರೆ. ಕಾರ್ಖಾನೆಯಲ್ಲೇ ಮಾಸಲು ಮಾಡಿದ ಜೀನ್ಸ್‌ಗೆ ಬೇಕಾಗುವ ನೀರು, ರಾಸಾಯನಿಕಗಳು, ಅವುಗಳಿಂದ ಹೊರಬರುವ ತ್ಯಾಜ್ಯ ಎಂಥವೆಂಬುದು ಜೀನ್ಸ್ ಹೊಲಿಗೆಗೂ ವಾಷಿಂಗ್ ಘಟಕಗಳಿಗೂ ಹೆಸರಾದ ನಮ್ಮ ಬಳ್ಳಾರಿಯ ಜನರಿಗೆ ಚೆನ್ನಾಗಿ ಗೊತ್ತು. ಆ ಹಂತವೇ ಇಲ್ಲದ ಕಚ್ಚಾ ಜೀನ್ಸ್ ಬಗ್ಗೆ ನನಗಿರುವ ಅಭಿಮಾನಕ್ಕೆ ಇದೂ ಒಂದು ಕಾರಣ.

ಕೊನೆಯದಾಗಿ ಮಾರಾಟಗಾರರಲ್ಲಿ ಒಂದು ವಿನಂತಿ. ಬಟ್ಟೆಯ ತೂಕವನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವ ಚೀಟಿಗಳ ಮೇಲೆ ಅದು ಸ್ಯಾನ್‌ಫೊರೈಸ್ ಆಗಿದೆಯೇ, ಮೊದಲ ನೆನೆಸಿಗೆ ಸೊಂಟ ಮತ್ತು ಕಾಲು ಎಷ್ಟೆಷ್ಟು ಕುಗ್ಗುತ್ತವೆ ಎಂಬುದು ಎಷ್ಟೋ ವೇಳೆ ಇರುವುದೇ ಇಲ್ಲ. ಈ ಎರಡು ಸಾಲುಗಳನ್ನು, ಸಾಧ್ಯವಾದರೆ ಕನ್ನಡದಲ್ಲೂ, ಮುದ್ರಿಸಬೇಕು. ತಮ್ಮ ಪುರವಣಿಯೂ ಫ್ರೀಜರ್‌ನ ಸಲಹೆಯನ್ನು ಹಿಂಪಡೆದು ಮಳೆಗಾಲ ಆರಂಭವಾಗುವ ಮೊದಲು ಸ್ಪಷ್ಟನೆಯೊಂದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಬೆಂಗಳೂರು