ಭಾಗಮಂಡಲದಲ್ಲಿ ಕೊಡೆ ಕೊಟ್ಟ ಆಂಟಿಗೆ ಥ್ಯಾಂಕ್ಸ್

ತುಲಾ ಸಂಕ್ರಮಣಕ್ಕೆ ಎರಡು ದಿನ ಮುಂಚೆ ಮಡಿಕೇರಿಯಿಂದ ಬಸ್ ಹಿಡಿದು ಭಾಗಮಂಡಲಕ್ಕೆ ಹೋಗಿದ್ವಿ, ಅಮ್ಮಂಗೆ ಮಂಡಿನೋವು, ಅಕ್ಟೋಬರ್ ಅಲ್ವಾ ಅಂತ ಕೊಡೆ ಬೇರೆ ತಂದಿರ್ಲಿಲ್ಲ, ಕೊಡಗಿನ ಮಳೆಗೆ ಕ್ಯಾಲೆಂಡರ್ ಎಲ್ಲಿ ಗೊತ್ತು! ಸಂಗಮದ ಹತ್ರ ನೆನೀತಾ ನಿಂತಿದ್ದಾಗ ನೆರಿಗೆ ಹಿಂದಕ್ಕೆ ಬರೋ ಹಾಗೆ ಕೊಡವ ಸೀರೆ ಉಟ್ಟಿದ್ದ ಆಂಟಿಯೊಬ್ರು ಬಂದು ತಮ್ಮ ಕೊಡೆನೇ ಅಮ್ಮನ ಕೈಗಿಟ್ರು. ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣ್ತವೆ, ಸುಜ್ಯೋತಿ ಗುಪ್ತಗಾಮಿನಿ ಅಂತ ತೋರಿಸಿ, ಭಗಂಡೇಶ್ವರನ ಗುಡೀಲಿ ಮರದ ಕೆತ್ತನೆ ನೋಡ್ದೆ ಹೋಗ್ಬೇಡಿ ಅಂದ್ರು, ಆಮೇಲೆ 8 ಕಿಲೋಮೀಟರ್ ಮೇಲಿರೋ ತಲಕಾವೇರಿಗೂ ತಮ್ಮ ಜೀಪಲ್ಲೇ ಬಿಟ್ರು. ಗಡಿಬಿಡೀಲಿ ಹೆಸರು ಕೇಳೋದೇ ಮರ್ತೆ. ತುಂಬಾ ಥ್ಯಾಂಕ್ಸ್ ಆಂಟಿ, ನಿಮ್ಮ ನೀಲಿ ಕೊಡೆ ಇನ್ನೂ ನಮ್ಮನೇಲೇ ಇದೆ.