ಮಕ್ಕಳ ಮಾಡೆಲಿಂಗ್ ಹೆಸರಿನಲ್ಲಿ ‘ಪೋರ್ಟ್‌ಫೋಲಿಯೊ’ ವಸೂಲಿ

ಮಾನ್ಯರೇ,

ಮಾಲ್‌ನಲ್ಲಿ ಯಾರೋ ಹತ್ತಿರ ಬಂದು ‘ಪಾಪು ತುಂಬಾ ಮುದ್ದಾಗಿದೆ, ಆ್ಯಡ್‌ಗೆ ಟ್ರೈ ಮಾಡಬಹುದಲ್ವಾ?’ ಎಂದು ಫೋನ್ ನಂಬರ್ ಬರೆದುಕೊಳ್ಳುತ್ತಾರೆ. ಆಮೇಲೆ ಯಾವುದೋ ಹೋಟೆಲ್‌ನ ಹಾಲ್‌ನಲ್ಲಿ ‘ಆಡಿಷನ್’. ಹೋದ ಮಕ್ಕಳೆಲ್ಲ ಸೆಲೆಕ್ಟ್! ಬೆನ್ನಿಗೇ ಬಿಲ್ಲು: ಪೋರ್ಟ್‌ಫೋಲಿಯೊಗೆ (ಮಗುವಿನ ಫೋಟೊ ಆಲ್ಬಮ್) ಇಷ್ಟು, ಗ್ರೂಮಿಂಗ್‌ಗೆ (ನಡೆ-ನುಡಿ ತರಬೇತಿ) ಇಷ್ಟು, ಮೇಲೆ ಶೇ 18 ಜಿಎಸ್‌ಟಿ. ಇವತ್ತೇ ಕಟ್ಟಿದರೆ ರಿಯಾಯಿತಿ.

ನಿಜವಾದ ಏಜೆನ್ಸಿಗೆ ಆದಾಯ ಬರುವುದು ಜಾಹೀರಾತು ಮಾಡಿಸುವ ಕಂಪನಿ ಕೊಡುವ ಸಂಭಾವನೆಯಲ್ಲಿ ಹಿಡಿದುಕೊಳ್ಳುವ ಕಮಿಷನ್ನಿನಿಂದ. ಕೆಲಸಕ್ಕೆ ಮುಂಚೆಯೇ ಪೋಷಕರಿಂದ ದುಡ್ಡು ಕೇಳುವವರ ವ್ಯಾಪಾರ ಫೋಟೊ ಮಾರುವುದಷ್ಟೇ. ಅವರ ರಸೀದಿ ನೋಡಿ: ‘ಛಾಯಾಗ್ರಹಣ ಸೇವೆ, ಹಣ ವಾಪಸಿಲ್ಲ’ ಎಂದಿರುತ್ತದೆ, ಅವಕಾಶದ ಮಾತೇ ಇರುವುದಿಲ್ಲ. ಆಲ್ಬಮ್ ಕೊಟ್ಟ ಮೇಲೆ ‘ನಮ್ಮ ಕೆಲಸ ಮುಗಿಯಿತು’ ಎನ್ನಲು ಮಾಡಿಕೊಂಡ ದಾರಿ ಇದು.

ಅಷ್ಟಕ್ಕೂ ಆ ಆಲ್ಬಮ್ ಮಕ್ಕಳಿಗೆ ಉಪಯೋಗಕ್ಕೆ ಬರುವುದು ಕಡಿಮೆ. ಆರು ತಿಂಗಳಲ್ಲಿ ಹಲ್ಲು ಬಿದ್ದಿರುತ್ತದೆ, ಮುಖ ಬದಲಾಗಿರುತ್ತದೆ. ಜಾಹೀರಾತಿಗೆ ಮಕ್ಕಳನ್ನು ಆರಿಸುವ ಕಾಸ್ಟಿಂಗ್‌ನವರಿಗೆ ಬೇಕಿರುವುದು ಈಚಿನ ಸಾದಾ ಫೋಟೊ. ಬಿಳಿ ಗೋಡೆಯ ಮುಂದೆ, ಕಿಟಕಿ ಬೆಳಕಿನಲ್ಲಿ, ಮೇಕಪ್ ಇಲ್ಲದೆ, ಫಿಲ್ಟರ್ ಹಾಕದೆ ಮೊಬೈಲ್‌ನಲ್ಲೇ ತೆಗೆದರಾಯಿತು: ಎದುರಿನಿಂದ ಮುಖ, ಪಕ್ಕದಿಂದ ಒಂದು, ತಲೆಯಿಂದ ಪಾದದವರೆಗೆ ಒಂದು. ಜೊತೆಗೆ ವಯಸ್ಸು, ಎತ್ತರ, ಬಟ್ಟೆಯ ಸೈಜು, ಮಗು ಮಾತಾಡುವ ಅರ್ಧ ನಿಮಿಷದ ವಿಡಿಯೊ. ಖರ್ಚು ಸೊನ್ನೆ.

ಜಿಎಸ್‌ಟಿ ಕೇಳಿದರೆ 15 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ ಕೇಳಿ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿದರೆ ಸಂಸ್ಥೆಯ ಹೆಸರು, ನೋಂದಣಿಯಾದ ದಿನ ಸಿಗುತ್ತದೆ. ಯುಪಿಐನಲ್ಲಿ ಪಿನ್ ಒತ್ತುವ ಮುನ್ನ ಪರದೆಯ ಮೇಲೆ ಬರುವ ಹೆಸರು ಓದಿ. ಸಂಸ್ಥೆಯ ಬದಲು ಯಾರೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ದೊಡ್ಡ ಬ್ರ್ಯಾಂಡ್‌ನ ಹೆಸರು ಹೇಳಿದರೆ, ಅವರು ಕೊಟ್ಟ ನಂಬರಿಗಲ್ಲ, ಆ ಬ್ರ್ಯಾಂಡ್‌ನ ಜಾಲತಾಣದಲ್ಲಿರುವ ನಂಬರಿಗೆ ಕರೆ ಮಾಡಿ ವಿಚಾರಿಸಿ.

ಕಾನೂನಿನ ಒಂದು ಪ್ರಶ್ನೆಗೇ ಇವರಲ್ಲಿ ಹಲವರು ತಡವರಿಸುತ್ತಾರೆ. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಶೂಟಿಂಗ್‌ಗೆ ಬಳಸಿಕೊಳ್ಳಲು ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಸಂಭಾವನೆಯ ಕನಿಷ್ಠ ಶೇ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿ ಇಡಬೇಕು. ‘ಅನುಮತಿ ಯಾರು ತರುತ್ತಾರೆ, ಠೇವಣಿ ಯಾವ ಬ್ಯಾಂಕಿನಲ್ಲಿ?’ ಎಂದು ಕೇಳಿ ನೋಡಿ.

ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಮೋಸಹೋದವರು ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೂರು ಎಷ್ಟು ಬೇಗ ಮುಟ್ಟುತ್ತದೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆ, ವಾಟ್ಸ್‌ಆ್ಯಪ್ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ‘ರೀಫಂಡ್ ಬೇಕಿದ್ದರೆ ಪ್ರೊಸೆಸಿಂಗ್ ಫೀಸ್ ಕಟ್ಟಿ’ ಎಂದು ಮತ್ತೆ ಕರೆ ಬಂದರೆ ಒಂದು ಪೈಸೆಯೂ ಕೊಡಬೇಡಿ.

– ಜಾಹೀರಾತು ಛಾಯಾಗ್ರಾಹಕರು, ಬೆಂಗಳೂರು